ಗುರುವಾರದ ನೀರು

ನಮ್ಮ ಮನೆಯಲ್ಲಿ ದೇವರ ಹೆಸರಿನಷ್ಟೇ ಸಲ ಕಿವಿಗೆ ಬೀಳುತ್ತಿದ್ದ ಅಂಕಿ ಒಂದಿತ್ತು: 2079.50. ನವಿಲುತೀರ್ಥದ ಅಣೆಕಟ್ಟೆ ತುಂಬಿ ನಿಂತಾಗಿನ ನೀರಿನ ಮಟ್ಟ ಅದು, ಅಡಿಗಳಲ್ಲಿ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಮಲಪ್ರಭೆಯನ್ನು ಹಿಡಿದು ನಿಲ್ಲಿಸಿದ ಆ ಕಟ್ಟೆಯ ಮೇಲೆ ನೀರಿನ ಮಟ್ಟ ಓದಿ ಬರೆಯುವುದು ಅಪ್ಪನ ಕೆಲಸ. ಕಟ್ಟೆಯ ಕೆಲಸ ನಡೆದಿದ್ದಾಗಲೇ ಬೆಟಗೇರಿಯಿಂದ ಬಂದು ಸೇರಿಕೊಂಡವನು, 1972ರಲ್ಲಿ ಅದು ಮುಗಿದ ಮೇಲೂ ಇಲ್ಲೇ ಉಳಿದ. ನಾನು ಹುಟ್ಟಿದ್ದು ಕಾಲೊನಿಯ ಕ್ವಾರ್ಟರ್ಸಿನಲ್ಲಿ.

ಬೆಳಕು ಹರಿಯುವ ಮೊದಲೇ ಅಪ್ಪ ಟಾರ್ಚು ಹಿಡಿದು ಹೊರಡುತ್ತಿದ್ದ. ರಜೆಯ ದಿನಗಳಲ್ಲಿ ನಾನೂ ಬೆನ್ನು ಹತ್ತುತ್ತಿದ್ದೆ. ಅಡಿ, ಅಡಿಯ ಭಾಗ ಎಂದು ಗೆರೆ ಕೊರೆದ ಪಟ್ಟಿಯ ಮುಂದೆ ಕೂತು, ಅಲೆ ಏರಿ ಇಳಿದು ಒಂದು ಕ್ಷಣ ಸುಮ್ಮನಾಗುವುದನ್ನು ಕಾಯುತ್ತಿದ್ದ. ಆಮೇಲೆ ಬಗ್ಗಿ, ಕಣ್ಣನ್ನು ನೀರಿನ ಸಮಕ್ಕೆ ತಂದು ಓದುತ್ತಿದ್ದ. ನಿಂತುಕೊಂಡೇ ಓದಿದರೆ ಅಂಕಿ ತಪ್ಪುತ್ತದೆ ಎನ್ನುತ್ತಿದ್ದ. ಮಳೆಗಾಲದಲ್ಲಿ ಈ ಕೆಲಸ ಹಗುರ. ಬೇಸಿಗೆಯಲ್ಲಿ, ಅದರಲ್ಲೂ ಬರಗಾಲದ ವರ್ಷಗಳಲ್ಲಿ, ನೀರು ಇಳಿದಷ್ಟೂ ಅಪ್ಪ ಮೆಟ್ಟಿಲು ಇಳಿಯಬೇಕಿತ್ತು. ಬಿರುಕು ಬಿಟ್ಟ ರಾಡಿಯ ವಾಸನೆ, ಸತ್ತ ಮೀನಿನ ವಾಸನೆ. ಏದುಸಿರು ಬಿಡುತ್ತ ಮೇಲೆ ಬಂದು, ಚಹಾದ ಬಟ್ಟಲು ಮುಟ್ಟುವ ಮೊದಲು ಅವ್ವನಿಗೆ ಹೇಳುತ್ತಿದ್ದ: "ಇವತ್ತ ಇಷ್ಟೈತಿ ನೋಡು." ಅವ್ವ "ಹೂಂ" ಎನ್ನುತ್ತಿದ್ದಳು. ಈ "ಹೂಂ"ನಲ್ಲಿ ನರಗುಂದ, ನವಲಗುಂದದ ಎರೆಹೊಲಗಳ ಗೋಧಿ, ಕಡಲೆ, ಹತ್ತಿ ಎಲ್ಲ ಸೇರಿರುತ್ತಿತ್ತು. ತುಂಬಿದರೆ 37.73 ಟಿಎಂಸಿ. ತುಂಬುವುದು ಮಾತ್ರ ಕನಕುಂಬಿಯ ಕಾಡಿನ ಮಳೆಯ ಮರ್ಜಿ.

ಕಾಲೊನಿಯಲ್ಲಿ ಚರ್ಚು ಇರಲಿಲ್ಲ. ನಾಲ್ಕೈದು ಕ್ರೈಸ್ತ ಮನೆಗಳಿದ್ದವು, ಅಷ್ಟೆ. ಭಾನುವಾರ ನಮ್ಮ ಪಡಸಾಲೆಯಲ್ಲೇ ಜಮಖಾನೆ ಹಾಸಿ ಆರಾಧನೆ ನಡೆಯುತ್ತಿತ್ತು. ಅಪ್ಪ ಸತ್ಯವೇದ ಓದುತ್ತಿದ್ದ, ಅವ್ವ ಹಾಡು ಎತ್ತಿಕೊಡುತ್ತಿದ್ದಳು. ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂದವರು. ಅವರು ಬಿಟ್ಟುಹೋದ ಗೀತೆಗಳ ಪುಸ್ತಕ ಅಪ್ಪನ ಅಜ್ಜನ ಕಾಲದಿಂದ ಮನೆಯಲ್ಲಿತ್ತು. ಮಾತು ಅಚ್ಚಗನ್ನಡ, ರಾಗ ಜರ್ಮನಿಯದು. ಗುಡ್ಡದ ಮೇಲಿನ ನವಿಲಿನ ಕೂಗು, ಕಟ್ಟೆಯಿಂದ ಬೀಳುವ ನೀರಿನ ಮೊರೆತ, ಅವುಗಳ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಆ ಗಂಭೀರ ರಾಗ ನನಗೆ ಎಂದೂ ಪರಕೀಯ ಅನ್ನಿಸಲಿಲ್ಲ. ಕಿಟೆಲ್ ಸಾಹೇಬರಿಗೆ ಅನ್ನಿಸಿತ್ತೋ ಏನೋ. 1894ರ ಮಹಾನಿಘಂಟನ್ನು ಕೊಟ್ಟ ಅವರು ಅದಕ್ಕೂ ಮೂವತ್ತೆರಡು ವರ್ಷ ಮೊದಲು, 1862ರಲ್ಲೇ, ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಕಟ್ಟಿ 'ಕಥಾಮಾಲೆ' ಮಾಡಿದರು. ಈ ನೆಲದವರು ತಮ್ಮ ದೇವರಿಗೆ ಹೇಗೆ ಹಾಡುತ್ತಾರೋ ಹಾಗೆಯೇ ಯೇಸುವಿಗೂ ಹಾಡಲಿ ಎಂಬ ಆಸೆ ಇಲ್ಲದವರು ಅಂಥ ಕೆಲಸಕ್ಕೆ ಕೈ ಹಾಕುವುದಿಲ್ಲ.

2015ರ ಮಳೆಗಾಲದಲ್ಲಿ ಅಪ್ಪ ತೀರಿಕೊಂಡ. ಮಳೆಗಾಲ ಎನ್ನುವುದು ಹೆಸರಿಗೆ. ನರಗುಂದದಲ್ಲಿ ಕಳಸಾ-ಬಂಡೂರಿ ನೀರಿಗಾಗಿ ರೈತರು ಧರಣಿ ಕೂತ ವರ್ಷ ಅದು. ಕೊನೆಯ ದಿನಗಳಲ್ಲಿ ಅಪ್ಪನಿಗೆ ನಮ್ಮ ಹೆಸರುಗಳು ಒಮ್ಮೊಮ್ಮೆ ಮರೆಯುತ್ತಿದ್ದವು. "ನೀರು ಎಷ್ಟೈತಿ?" ಎಂದು ಕೇಳುವುದನ್ನು ಮಾತ್ರ ಮರೆಯಲಿಲ್ಲ. ನಾನು ಕಟ್ಟೆಯ ಕಡೆ ಹೋಗದೆಯೇ ಬಾಯಿಗೆ ಬಂದ ಅಂಕಿ ಹೇಳಿಬಿಡುತ್ತಿದ್ದೆ, ಹೆಚ್ಚಿಗೇ ಹೇಳುತ್ತಿದ್ದೆ. ಅವನು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಅಷ್ಟ ಇರಾಕಿಲ್ಲ ಬಿಡವ್ವಾ" ಎನ್ನುತ್ತಿದ್ದ. ಸಾಯುವವನಿಗೆ ಸುಳ್ಳು ಹೇಳಿದೆ, ಅದೂ ಅವನು ಜೀವನವಿಡೀ ತಪ್ಪಿಲ್ಲದೆ ಬರೆದ ಒಂದೇ ಒಂದು ಸಂಗತಿಯ ಬಗ್ಗೆ. ಅವನನ್ನು ಮಣ್ಣು ಮಾಡಿ ಬಂದ ಮೇಲೆ ನನ್ನನ್ನು ತಿಂದದ್ದು ಇದೇ.

ಮಣ್ಣಿನ ದಿನ ಎಲ್ಲರೂ ಹಾಡಿದರು. ನನ್ನ ಬಾಯಿ ತೆರೆಯಲಿಲ್ಲ. ದುಃಖ, ಸಹಜ ಎಂದುಕೊಂಡರು. ಒಂದು ತಿಂಗಳಾಯಿತು, ಆರು ತಿಂಗಳಾಯಿತು, ತೆರೆಯಲಿಲ್ಲ. ಪೇಟೆಯ ಚರ್ಚಿಗೆ ಎರಡು ಮೂರು ಭಾನುವಾರ ಹೋದೆ. ಬಾಗಿಲಲ್ಲಿ ಕೈ ಹಿಡಿದು "ದೇವರ ಚಿತ್ತ" ಎಂದವರು ಪ್ರೀತಿಯಿಂದಲೇ ಅಂದರು. ಆ ಎರಡು ಶಬ್ದ ಕೇಳಿದೊಡನೆ ನನ್ನೊಳಗೆ ಏನೋ ಕದ ಹಾಕಿಕೊಳ್ಳುತ್ತಿತ್ತು. ಆಮೇಲೆ ಹೋಗುವುದನ್ನೇ ಬಿಟ್ಟೆ. ಗೀತೆಗಳ ಪುಸ್ತಕವನ್ನು ಅವ್ವನ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದೆ. ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ, ಮನೆಗೆ ಬಂದು ರೊಟ್ಟಿ ಬಡಿಯುತ್ತಿದ್ದೆ, ಅವ್ವನಿಗೆ ಗುಳಿಗೆ ಕೊಡುತ್ತಿದ್ದೆ. ಭಾನುವಾರ ಬಂದರೆ ಬಟ್ಟೆ ಒಗೆಯುತ್ತಿದ್ದೆ. ಅವ್ವ ಒಮ್ಮೆಯೂ ಕೇಳಲಿಲ್ಲ. ಅಷ್ಟು ಮಾತ್ರ ಕೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಕೇಳಿದವಳು ಪಕ್ಕದ ಮನೆಯವಳು. ಎಲ್ಲಮ್ಮನ ಒಕ್ಕಲು. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಗುಡ್ಡಕ್ಕೆ ನಡೆದೇ ಹೋಗಿ ಬಂದು, ಹಣೆಯ ತುಂಬ ಭಂಡಾರ ಹಚ್ಚಿಕೊಂಡು, ನಮ್ಮ ಮನೆಗೂ ಕಡುಬಿನ ಬುತ್ತಿ ತಂದುಕೊಡುವವಳು. ಅಪ್ಪ ಹೋದ ಮೇಲೆ ಹತ್ತು ದಿನ ನಮ್ಮ ಒಲೆ ಹೊತ್ತದಂತೆ ನೋಡಿಕೊಂಡವಳೂ ಅವಳೇ. ಕಾಯಿಪಲ್ಲೆ ಸೋಸುತ್ತ ಕೂತಾಗ ಒಂದು ದಿನ ಅಂದಳು: "ನಿಮ್ಮ ಹಾಡು ಕೇಳಲಾರದ ಐತವಾರ ಬಂದಂಗ ಆಗೂದಿಲ್ಲ ನೋಡವ್ವಾ." ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಇದಾಗಿ ಕೆಲವು ದಿನಕ್ಕೆ, 2017ರ ಏಪ್ರಿಲ್‌ನಲ್ಲಿ, ನನ್ನ ಜೊತೆಗೆ ಕೆಲಸ ಮಾಡುವ ನೇಸರಗಿ ಕಡೆಯ ಗೆಳತಿ ನನ್ನನ್ನು ಎಳೆದುಕೊಂಡೇ ಹೋದಳು. ಲಿಂಗಾಯತರ ಮನೆಯವಳು. "ನಮ್ಮ ಕಡೆ ನಿಮ್ಮ ಯೇಸುಂದು ಒಂದು ಮಠ ಐತಿ. ನಮ್ಮವ್ವ ಹೊಕ್ಕಿರತಾಳ. ಬಾ" ಎಂದಳು. ಮುನವಳ್ಳಿಯಿಂದ ಯರಗಟ್ಟಿ, ಯರಗಟ್ಟಿಯಿಂದ ನೇಸರಗಿ, ಅಲ್ಲಿಂದ ಬೈಲಹೊಂಗಲ ತಾಲೂಕಿನ ದೇಶನೂರು. ಬಸ್ಸಿನ ಕಿಟಕಿಯ ಸರಳು ಮುಟ್ಟಿದರೆ ಸುಡುತ್ತಿತ್ತು. ಹೊಲಗಳಲ್ಲಿ ಒಂದು ಹಸಿರು ಕಡ್ಡಿ ಇರಲಿಲ್ಲ.

ಆ ಮಠದ ಹೆಸರು ಸ್ನಾನಿಕ ಅರುಳಪ್ಪನವರ ವಿರಕ್ತ ಮಠ. ಅರುಳಪ್ಪ ಎಂದರೆ ಯೋಹಾನ. ನಮ್ಮ ಪ್ರೊಟೆಸ್ಟಂಟರ ಮನೆಗಳಲ್ಲಿ ಯೋಹಾನ, ಪೇತ್ರ, ಪೌಲ ಎನ್ನುತ್ತೇವೆ. ಕನ್ನಡದ ಹಳೆಯ ಕಥೋಲಿಕರ ಬಾಯಲ್ಲಿ ಅವರೆಲ್ಲ ಅರುಳಪ್ಪ, ರಾಯಪ್ಪ, ಚಿನ್ನಪ್ಪ ಆಗಿ ಊರಿನ ಹಿರಿಯರ ಹಾಗೆ ಕಟ್ಟೆಯ ಮೇಲೆ ಬಂದು ಕೂತುಬಿಟ್ಟಿದ್ದಾರೆ. ಜೋರ್ದಾನಿನ ನೀರಿನಲ್ಲಿ ಜನರಿಗೆ ಸ್ನಾನ ಮಾಡಿಸಿದವನು ಸ್ನಾನಿಕ ಅರುಳಪ್ಪ. ಅವನ ಹಬ್ಬ ಜೂನ್ 24ಕ್ಕೆ, ಮುಂಗಾರು ಕಾಲಿಡುವ ಹೊತ್ತಿಗೆ. ಬೇರೆ ಯಾವ ಸಂತನಿಗೂ ಈ ಬರಗಾಲದ ಸೀಮೆಯಲ್ಲಿ ಇಷ್ಟು ಸರಿಯಾದ ದಿನ ಸಿಕ್ಕಿಲ್ಲ.

ಮಠ ಕಟ್ಟಿದವರು ಗೋವೆಯ ಕಡೆಯಿಂದ ಬಂದ ಯೇಸುಸಭೆಯ ಗುರುಗಳು. ಅವರಲ್ಲಿ ಆರ್ಮಂಡ್ ಆಲ್ವಾರಿಸ್ ಎಂಬವರು ಅನಿಮಾನಂದ ಸ್ವಾಮಿ ಎಂದು ಹೆಸರಿಟ್ಟುಕೊಂಡು, ಕಾವಿಯುಟ್ಟು, ಸಸ್ಯಾಹಾರಿಯಾಗಿ ಇಲ್ಲಿಯ ಜನರ ನಡುವೆ ಬಾಳಿದರು. ಇದೇನೂ ಹೊಸ ದಾರಿಯಲ್ಲ. ಹದಿನೇಳನೆಯ ಶತಮಾನದ ನಡುವಿನಲ್ಲೇ ಲಿಯೊನಾರ್ದೊ ಚಿನ್ನಾಮಿ ಎಂಬ ಇಟಲಿಯ ಯೇಸುಸಭೆಯವರು ಶ್ರೀರಂಗಪಟ್ಟಣಕ್ಕೆ ಸನ್ಯಾಸಿಯ ವೇಷದಲ್ಲಿ ಬಂದು ಕನ್ನಡ ಕಲಿತಿದ್ದರು. ಅವರ ಕಾಲಕ್ಕೂ ನಮ್ಮ ಕಾಲಕ್ಕೂ ನಡುವೆ ಆ ದಾರಿ ಹುಲ್ಲು ಬೆಳೆದು ಮುಚ್ಚಿಹೋಗಿತ್ತು. ಎರಡನೆಯ ವ್ಯಾಟಿಕನ್ ಸಭೆ 1963ರ ಡಿಸೆಂಬರಿನಲ್ಲಿ ಲ್ಯಾಟಿನ್ ಜೊತೆಗೆ ಜನರ ನುಡಿಗೂ ಪೂಜೆಯಲ್ಲಿ ಜಾಗ ಕೊಟ್ಟಿತು. 1969ರಲ್ಲಿ ಆರತಿ, ನೆಲದ ಮೇಲೆ ಕೂರುವುದು, ಪಂಚಾಂಗ ಪ್ರಣಾಮದಂಥ ನಮ್ಮ ನಡವಳಿಕೆಗಳಿಗೂ ಒಪ್ಪಿಗೆ ಬಂತು. ಬೆಂಗಳೂರಿನಲ್ಲಿ ಇದಕ್ಕಾಗಿಯೇ ದುಡಿದ ಅಮಲೋರ್ಪವದಾಸ್ ಅವರು ಆಮೇಲೆ ಮೈಸೂರಿನ ಚಾಮುಂಡಿ ಬೆಟ್ಟದ ಬುಡದಲ್ಲಿ ಅಂಜಲಿ ಆಶ್ರಮ ಕಟ್ಟಿದರು. ಇದನ್ನೆಲ್ಲ ಮೆಚ್ಚದ ಕ್ರೈಸ್ತರಿದ್ದಾರೆ, ಅನುಮಾನದಿಂದ ನೋಡುವ ಹಿಂದೂಗಳೂ ಇದ್ದಾರೆ. ಅವರ ವಾದಗಳನ್ನು ನಾನೂ ಓದಿದ್ದೇನೆ. ದೇಶನೂರಿನ ಆ ಸಂಜೆಯ ಮುಂದೆ ಅವು ನನ್ನ ಮಟ್ಟಿಗೆ ನಿಲ್ಲಲಿಲ್ಲ.

ಒಳಗೆ ಹೋದರೆ ಬೆಂಚುಗಳಿಲ್ಲ, ಚಾಪೆ. ಯೇಸು ಪದ್ಮಾಸನ ಹಾಕಿ ಕಣ್ಣು ಅರೆಮುಚ್ಚಿ ಧ್ಯಾನಕ್ಕೆ ಕೂತಿದ್ದ. ಶಿಲುಬೆಯ ಮೇಲಿನ ಯೇಸುವನ್ನೇ ನೋಡುತ್ತ ಬೆಳೆದ ನನಗೆ, ಓಡಾಟ ಮುಗಿಸಿ ಬಂದು ಮನೆಯ ಪಡಸಾಲೆಯಲ್ಲಿ ಕೂತ ಹಿರಿಯನಂತೆ ಕಂಡ. ಆ ದಿನ ಪಾಸ್ಖದ ಹಿಂದಿನ ಗುರುವಾರ, ಏಪ್ರಿಲ್ 13. ಪವಿತ್ರ ಗುರುವಾರ. ಯೇಸು ಶಿಷ್ಯರ ಜೊತೆ ಕೊನೆಯ ಊಟಕ್ಕೆ ಕೂತು, ನಡುವೆ ಎದ್ದು, ಸೊಂಟಕ್ಕೆ ವಸ್ತ್ರ ಬಿಗಿದು ಅವರ ಕಾಲು ತೊಳೆದ ರಾತ್ರಿಯ ನೆನಪು. ಪೂಜೆಯ ನಡುವೆ ಹನ್ನೆರಡು ಜನರನ್ನು ಕರೆದು ಸಾಲಾಗಿ ಕೂರಿಸಿದರು. ಹಿಂದೆಲ್ಲ ಗಂಡಸರಷ್ಟೇ ಕೂರಬೇಕಿತ್ತಂತೆ. ಹೆಂಗಸರೂ ಕೂರಬಹುದು ಎಂದು ಪೋಪ್ ಫ್ರಾನ್ಸಿಸ್ 2016ರಲ್ಲಿ ಅಪ್ಪಣೆ ಕೊಟ್ಟಿದ್ದರು. ಸಾಲಿನ ಕೊನೆಗೆ ನನ್ನಿಂದ ಮೂರು ಮೊಳದ ದೂರದಲ್ಲಿ ಒಬ್ಬ ಮುದುಕಿ ಕೂತಳು.

ಅವಳ ಕಾಲುಗಳನ್ನು ಈಗ ಕಣ್ಣು ಮುಚ್ಚಿದರೂ ನೋಡಬಲ್ಲೆ. ಎರೆಮಣ್ಣು ಹಿಮ್ಮಡಿಯ ಬಿರುಕುಗಳಲ್ಲಿ ಕರ್ರಗೆ ಗೆರೆ ಹೊಡೆದು ಕೂತಿತ್ತು. ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಂದೋ ಕುಡಗೋಲು ಬಿದ್ದಿರಬೇಕು. ಕಾಲುಂಗುರ ಇದ್ದ ಜಾಗದಲ್ಲಿ ಬೆರಳ ಸುತ್ತ ಒಂದು ಬಿಳಿಯ ಕಲೆ ಮಾತ್ರ ಉಳಿದಿತ್ತು. ಕಾವಿಯ ಗುರುಗಳು ಒಬ್ಬೊಬ್ಬರ ಮುಂದೆಯೂ ಮೊಣಕಾಲೂರಿ, ತಾಮ್ರದ ತಂಬಿಗೆಯಿಂದ ನೀರು ಬಿಟ್ಟು, ಕೈಯಿಂದ ತಿಕ್ಕಿ, ಟವೆಲಿನಿಂದ ಒರೆಸುತ್ತ ಬಂದರು. ಮುದುಕಿಯ ಮುಂದೆ ಕೂತು ಕೈ ಚಾಚಿದೊಡನೆ ಅವಳು ಎರಡೂ ಕಾಲು ಸೀರೆಯೊಳಕ್ಕೆ ಎಳೆದುಕೊಂಡಳು.

"ಬ್ಯಾಡ್ರೀ ಅಜ್ಜಾರ. ನೀವು ನನ್ನ ಕಾಲು ಮುಟ್ಟಬಾರದ್ರೀ. ಪಾಪ ಬರತೈತಿ."

ಆಗಷ್ಟೇ ಶುಭಸಂದೇಶದಲ್ಲಿ ಓದಿದ್ದರು, ರಾಯಪ್ಪನೂ ಹೀಗೆಯೇ ಕಾಲು ತೊಳೆಯುವುದು ಬೇಡವೆಂದ ಎಂದು. ಮುದುಕಿ ಓದಿದ್ದನ್ನು ನೆನಪಿಟ್ಟು ಮಾಡಿದ್ದಲ್ಲ. ಈ ಸೀಮೆಯಲ್ಲಿ ಜಂಗಮರು ಮನೆಗೆ ಬಂದರೆ ಅವರ ಪಾದ ತೊಳೆಯುತ್ತಾರೆ, ಆ ನೀರು ಪಾದೋದಕ, ಅಷ್ಟಾವರಣಗಳಲ್ಲಿ ಒಂದು. ಕಾಲು ಯಾರದು, ಕೈ ಯಾರದು ಎಂಬುದು ಇಲ್ಲಿ ಎಲ್ಲರ ಮೈಗೂ ಗೊತ್ತು. ಆ ಮೈಗುರುತೇ ಅವಳ ಕಾಲನ್ನು ಹಿಂದಕ್ಕೆ ಎಳೆದದ್ದು. ಗುರುಗಳು ಏಳಲಿಲ್ಲ, ಉಪದೇಶ ಮಾಡಲಿಲ್ಲ. ತಂಬಿಗೆ ಕೆಳಗಿಟ್ಟು, ಮೊಣಕಾಲ ಮೇಲೇ ಕಾಯುತ್ತ ಕೂತರು. ಹಾರ್ಮೋನಿಯಂ ಬಾರಿಸುವವನೂ ಕೈ ತೆಗೆದ. ಎಷ್ಟು ಹೊತ್ತೋ. ಕೊನೆಗೆ ಸೀರೆಯ ಅಂಚಿನಡಿಯಿಂದ ಆ ಉಗುರಿಲ್ಲದ ಕಾಲು ಮೆಲ್ಲಗೆ ಹೊರಗೆ ಬಂತು.

ನೀರು ಬಿಟ್ಟರು. ಬೋಗುಣಿಯಲ್ಲಿ ನೀರು ಕಪ್ಪಾಯಿತು. ಹಿಮ್ಮಡಿಯ ಬಿರುಕಿನ ಮಣ್ಣು ಹೋಗಲಿ ಎಂದು ಗುರುಗಳು ಇನ್ನಷ್ಟು ಬಗ್ಗಿದರು, ಮುಖ ಹೆಚ್ಚುಕಡಿಮೆ ಅವಳ ಪಾದಕ್ಕೆ ಸಮನಾಗುವವರೆಗೆ. ಬಗ್ಗಿ ಹಾಗೆ ನೋಡಿದ ಒಬ್ಬನನ್ನು ನಾನು ಬಲ್ಲೆ. ಕಟ್ಟೆಯ ಮೆಟ್ಟಿಲಿಳಿದು, ರಾಡಿಯ ಅಂಚಿಗೆ ಕೂತು, ಕಣ್ಣನ್ನು ನೀರಿನ ಸಮಕ್ಕೆ ತರುತ್ತಿದ್ದ ಅಪ್ಪ. ತುಂಬಿದ ನೀರು ನೋಡಲು ನೂರಾರು ಜನ ಬರುತ್ತಿದ್ದರು, ಫೋಟೋ ತೆಗೆಸಿಕೊಳ್ಳುತ್ತಿದ್ದರು. ತಳ ಕಂಡ ನೀರನ್ನು ಹುಡುಕಿಕೊಂಡು ಇಳಿದುಹೋಗುತ್ತಿದ್ದವನು ಅವನೊಬ್ಬ. ಇದ್ದಷ್ಟನ್ನು ಇದ್ದ ಹಾಗೆ ಓದಿ ಬರೆಯುತ್ತಿದ್ದ. ಎರಡು ವರ್ಷ ನಾನು ದೇವರಿಗೂ ಹೆಚ್ಚಿನ ಅಂಕಿಯನ್ನೇ ಹೇಳಬೇಕು ಎಂದುಕೊಂಡಿದ್ದೆ. ಅಷ್ಟು ನೀರು ನನ್ನಲ್ಲಿಲ್ಲ ಎಂದೇ ಆರಾಧನೆಗೆ ಹೋಗುವುದನ್ನು ಬಿಟ್ಟಿದ್ದೆ. ದೇವರು ಇಳಿದು ಬಂದು ನೋಡುತ್ತಾನೆ ಎಂಬುದು ಹುಟ್ಟಿದಂದಿನಿಂದ ಕೇಳಿದ ಮಾತು, ನನ್ನೊಳಗೆ ಹೋದದ್ದು ಆ ಸಂಜೆ.

ನಾನು ಅತ್ತೆ. ಗೆಳತಿ ಸೆರಗಿನ ತುದಿ ಕೊಟ್ಟಳು. ಪರಮಪ್ರಸಾದ ಕೊಡುವಾಗ ಕೂತಲ್ಲೇ ಕೂತೆ. ನಮ್ಮ ಸಭೆಗಳು ಬೇರೆ, ಆ ಗೆರೆಯನ್ನು ನಾನು ದಾಟಲಿಲ್ಲ, ದಾಟಬೇಕೆನಿಸಲೂ ಇಲ್ಲ. ಅದಾದ ಮೇಲೆ ಪೀಠದ ಮೇಲಿನ ವಸ್ತ್ರ, ದೀಪ, ಹೂವು ಎಲ್ಲವನ್ನೂ ತೆಗೆದರು. ಬರಿಯ ಕಲ್ಲು ಉಳಿಯಿತು. ಜನ ಮಾತಿಲ್ಲದೆ ಕೂತಿದ್ದರು. ಮುದುಕಿ ತನ್ನ ಕಾಲುಗಳನ್ನು ನೋಡಿಕೊಳ್ಳುತ್ತಿದ್ದಳು, ಬೇರೆ ಯಾರದೋ ಎಂಬಂತೆ. ಹೊರಗೆ ಬಂದಾಗ ಗೆಳತಿ ಹೇಳಿದಳು: "ನಮ್ಮ ಕೂಡಲಸಂಗಮದಾಗ ಐಕ್ಯ ಆದಾವನೂ ಹಿಂಗ ನೋಡವ್ವಾ, ಎಲ್ಲಾರಿಗಿಂತಾ ತಾನ ಸಣ್ಣಾವ ಅಂತಿದ್ದ." ನಮ್ಮ ಮಲಪ್ರಭೆ ಹೋಗಿ ಕೃಷ್ಣೆಗೆ ಸೇರುವುದೂ ಆ ಕೂಡಲಸಂಗಮದಲ್ಲೇ. ನಾವಿಬ್ಬರೂ ಕಡೆಯ ಬಸ್ಸಿಗೆ ಓಡಿದೆವು.

ಭಾನುವಾರ ನಸುಕಿನಲ್ಲಿ ಅವ್ವನನ್ನು ಎಬ್ಬಿಸಿದೆ. ಅಪ್ಪ ಇದ್ದಾಗ ಪುನರುತ್ಥಾನದ ಹಬ್ಬದ ದಿನ ಸೂರ್ಯ ಹುಟ್ಟುವ ಮೊದಲೇ ಕಟ್ಟೆಯ ಹತ್ತಿರ ಹೋಗಿ ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತಿದ್ದೆವು. ಟ್ರಂಕಿನ ತಳದಿಂದ ಪುಸ್ತಕ ತೆಗೆದೆ. ಸೀರೆಯ ತುಂಡಿನಲ್ಲಿ ನುಸಿಗುಳಿಗೆಯ ವಾಸನೆ. ಎರಡು ಪುಟ ಹುಳ ತಿಂದು ಜರಡಿಯಾಗಿದ್ದವು. ಕಟ್ಟೆಯವರೆಗೆ ಅವ್ವನಿಗೆ ನಡೆಯಲಾಗಲಿಲ್ಲ, ದಾರಿಯ ಕಲ್ಲಿನ ಮೇಲೆ ಕೂರಿಸಿದೆ. ಆಕಾಶ ಬೆಳ್ಳಗಾಗುತ್ತಿತ್ತು. ಕೆಳಗೆ ನೀರು ಎಲ್ಲೋ ದೂರದಲ್ಲಿ, ಒಂದು ಬಟ್ಟಲಿನಷ್ಟು ಕಾಣುತ್ತಿತ್ತು. ಹಾಡು ಎತ್ತಿದವಳು ನಾನು. ಮೊದಲನೆಯ ಸಾಲಿಗೆ ಗಂಟಲು ಕಟ್ಟಿತು, ಎರಡನೆಯದನ್ನು ಅವ್ವ ಹಿಡಿದಳು. ಮೂರನೆಯದಕ್ಕೆ ಇಬ್ಬರೂ ಇದ್ದೆವು. ಮನೆಗೆ ಬರುವಾಗ ಪಕ್ಕದ ಮನೆಯವಳು ಅಂಗಳಕ್ಕೆ ನೀರು ಹೊಡೆಯುತ್ತಿದ್ದಳು. ನಮ್ಮ ಕೈಯಲ್ಲಿನ ಪುಸ್ತಕ ನೋಡಿ ಏನೂ ಕೇಳದೆ ನಕ್ಕಳು.

ಆ ವರ್ಷ ಮಳೆ ಆಗಿಬಿಟ್ಟಿತು ಎಂದು ಬರೆದರೆ ಕಥೆಗೆ ಚೆನ್ನ. ಆಗಲಿಲ್ಲ, ಕಟ್ಟೆ ತುಂಬಲಿಲ್ಲ. ತುಂಬಿದ್ದು 2019ರ ಆಗಸ್ಟಿನಲ್ಲಿ, ಅದೂ ತಾಳ್ಮೆಗೆಟ್ಟು ಉಕ್ಕಿ ಬಂದು. ಗೇಟು ಎತ್ತಿ ಬಿಟ್ಟ ನೀರು ಮುನವಳ್ಳಿಯ ಓಣಿಗಳಿಗೂ ರಾಮದುರ್ಗಕ್ಕೂ ನುಗ್ಗಿತು. ನಮ್ಮ ಶಾಲೆಯ ಮಕ್ಕಳ ಮನೆಗಳಲ್ಲಿ ಗೋಡೆ ನಿಂತರೆ ಸೂರಿಲ್ಲ, ಸೂರು ನಿಂತರೆ ಗೋಡೆಯಿಲ್ಲ. ಗಂಜಿಕೇಂದ್ರದಲ್ಲಿ ರೊಟ್ಟಿ ಹಂಚುತ್ತ ನಿಂತಾಗ, ರಾಡಿ ತುಳಿದು ಬಂದ ಹುಡುಗಿಯೊಬ್ಬಳ ಕಾಲಿಗೆ ಗಾಜು ಚುಚ್ಚಿತ್ತು. ಬಕೀಟು ತಂದು, ನೆಲಕ್ಕೆ ಕೂತು, ಅವಳ ಕಾಲು ತೊಡೆಯ ಮೇಲಿಟ್ಟುಕೊಂಡು ತೊಳೆದೆ. "ಬ್ಯಾಡ್ರೀ ಟೀಚರ್" ಎಂದು ಅವಳೂ ಎಳೆದುಕೊಂಡಳು. ಬಿಡಲಿಲ್ಲ.

ಅವ್ವ ಈಗ ಹಾಸಿಗೆ ಬಿಟ್ಟು ಏಳುವುದಿಲ್ಲ. ಗುರುವಾರ ಸಂಜೆ ನೀರು ಬೆಚ್ಚಗೆ ಮಾಡಿ, ಚಿಟಿಕೆ ಉಪ್ಪು ಹಾಕಿ, ಅವಳ ಕಾಲು ತೊಳೆಯುತ್ತೇನೆ. ಉಳಿದ ದಿನಗಳಲ್ಲಿ ಕೆಲಸದ ಹೆಂಗಸು ತೊಳೆಯುತ್ತಾಳೆ, ಗುರುವಾರ ನಾನೇ. ಕಾಲು ನೀರಿಗಿಳಿದ ಕೂಡಲೇ ಅವಳು ಕಣ್ಣು ಮುಚ್ಚಿ ಹಾಡಿನ ಒಂದು ತುಣುಕು ಗುನುಗುತ್ತಾಳೆ. ಮಾತುಗಳು ಮರೆತುಹೋಗಿವೆ, ರಾಗ ಹಾಗೆಯೇ ಇದೆ. ಮುಗಿಸಿ ಒರೆಸುವಾಗ ಕೇಳುತ್ತಾಳೆ, ಅಪ್ಪನ ದನಿಯಲ್ಲೇ ಎಂದು ನನಗೆ ಅನ್ನಿಸುತ್ತದೆ:

"ಇವತ್ತ ನೀರು ಎಷ್ಟೈತಿ?"

ಮಧ್ಯಾಹ್ನ ಶಾಲೆಯಿಂದ ಬರುತ್ತ ಕಟ್ಟೆಯ ಕಡೆ ಹೋಗಿ ಕೇಳಿಕೊಂಡು ಬಂದಿರುತ್ತೇನೆ. ಎಷ್ಟಿದೆಯೋ ಅಷ್ಟೇ ಹೇಳುತ್ತೇನೆ. ಅವ್ವ "ಹೂಂ" ಎನ್ನುತ್ತಾಳೆ.